ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ನನಗೆ ಸಿಕ್ಕಿದ ಬಗೆ

ಮೊದಲ ಸುತ್ತಿನಲ್ಲಿ ನಾನು ಬೇರೆ ಬೇರೆ ದೇಶಗಳ ಶಾಲೆಗಳಿಗೆ ಕಳುಹಿಸಿದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ನನ್ನ ಇಂಗ್ಲಿಷೇ ಸಾಲದೇನೋ ಎಂದು ತಿಂಗಳುಗಟ್ಟಲೆ ಕೊರಗಿದೆ. ನಿಜವಾದ ಕಾರಣ ಬೇರೆಯೇ ಇತ್ತು: ಈ ಕೆಲಸಕ್ಕೆ ಯಾವ ದೇಶ ಯಾರಿಗೆ ವೀಸಾ ಕೊಡುತ್ತದೆ ಎಂಬುದನ್ನೇ ನಾನು ನೋಡಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರಿಗೆಂದು ಇರುವ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶಗಳ ಪ್ರಜೆಗಳಿಗೆ ಸಿಗುವಂಥದ್ದು. ಜಪಾನಿನಲ್ಲಿ ಪದವಿಯ ಜೊತೆಗೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ದಾಖಲೆ ಕೇಳುವುದುಂಟು. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೂ ಅವಕಾಶವಿದೆ, ಆದರೆ ಪದವಿ ಇರಬೇಕು, ಟೋಯಿಕ್ ಅಥವಾ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯನ್ನೂ ತೋರಿಸಬೇಕಾಗುತ್ತದೆ. ಇಷ್ಟು ತಿಳಿದ ಮೇಲೆ ಉಳಿದೆಲ್ಲವನ್ನೂ ಬಿಟ್ಟು ಥಾಯ್ಲೆಂಡಿನ ಕಡೆಗೆ ಗಮನ ಕೊಟ್ಟೆ.

ತರಬೇತಿಗಾಗಿ ಇಂಗ್ಲಿಷ್ ಶಿಕ್ಷಕರಾಗುವವರಿಗೆಂದೇ ಇರುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸನ್ನು ಆರಿಸಿಕೊಂಡೆ. ಆನ್‌ಲೈನ್‌ನಲ್ಲೇ ಮುಗಿಯುವ ಅಗ್ಗದ ಟೆಫ್ಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ) ಕೋರ್ಸುಗಳು ಬೇಕಾದಷ್ಟಿದ್ದರೂ ಅವುಗಳಲ್ಲಿ ಅನೇಕವು ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೋಡದವರಿಗೆ ಪ್ರಮಾಣಪತ್ರ ಕೊಟ್ಟುಬಿಡುತ್ತವೆ. ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ 6 ಗಂಟೆ ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕುಳಿತು ಅದನ್ನು ಅಳೆಯುತ್ತಾರೆ. ನನ್ನ ಮೊದಲ ಪಾಠ ಮುಗಿದಾಗ ತರಬೇತುದಾರರು ತಾವು ಬರೆದಿಟ್ಟ ಲೆಕ್ಕವನ್ನು ತೋರಿಸಿದರು: 40 ನಿಮಿಷದಲ್ಲಿ 29 ನಿಮಿಷ ಮಾತಾಡಿದ್ದು ನಾನೇ. ವಿವರಣೆ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹೊತ್ತು ಇಡೀ ತರಗತಿ ಬಾಯಿ ತೆರೆದಿರಲಿಲ್ಲ. ಆ ಹಾಳೆಯನ್ನು ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕೆಲಸ ಕೊಡಿಸಿದ್ದು ವಿಡಿಯೊ ಕರೆಯಲ್ಲಿ ನಡೆದ 20 ನಿಮಿಷದ ಮಾದರಿ ಪಾಠ. ಥಾಯ್ಲೆಂಡಿನ ಶಾಲೆಯೊಂದರ ಮೂವರು ಶಿಕ್ಷಕರು ವಿದ್ಯಾರ್ಥಿಗಳಂತೆ ಕುಳಿತಿದ್ದರು. ಕನ್ನಡದಲ್ಲಿ ನಮಗೆ ‘ಕಳೆದುಕೊಂಡೆ’, ‘ಕಳೆದುಕೊಂಡಿದ್ದೇನೆ’ ಎಂಬ ಎರಡು ರೂಪಗಳಿವೆ, ಆದರೆ ಥಾಯ್ ಭಾಷೆಯಲ್ಲಿ ಕ್ರಿಯಾಪದವು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿರುವ ಅಂಥದ್ದೇ ಎರಡು ರೂಪಗಳ ವ್ಯತ್ಯಾಸವನ್ನೇ ಪಾಠಕ್ಕೆ ತೆಗೆದುಕೊಂಡೆ. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಎಂದು ಬರೆದು ಬರಿಗೈ ತೋರಿಸಿ, ಕೀ ಈಗ ನನ್ನ ಬಳಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು. ಕೆಳಗೆ ‘ಐ ಲಾಸ್ಟ್ ಮೈ ಕೀ ಯೆಸ್ಟರ್‌ಡೇ’ ಎಂದು ಬರೆದು, ಜೇಬಿನಿಂದ ಕೀಯನ್ನು ತೆಗೆದು ಮೇಲೆತ್ತಿ ಹಿಡಿದೆ. ಈಗ ಯಾವ ವಾಕ್ಯವನ್ನು ಅಳಿಸಬೇಕು? ಮೂವರೂ ತಮ್ಮತಮ್ಮಲ್ಲೇ ಚರ್ಚೆಗಿಳಿದರು, ನಾನು ಸುಮ್ಮನಿದ್ದೆ. ಕೊನೆಗೆ ಒಬ್ಬರು ಮೊದಲನೆಯದನ್ನು ಅಳಿಸಿ ಎಂದರು. ಇಂಗ್ಲಿಷನ್ನು ನಾನೂ ತಪ್ಪುತ್ತ, ತಿದ್ದಿಕೊಳ್ಳುತ್ತ ಕಲಿತಿದ್ದರಿಂದಲೇ ಕಲಿಯುವವರು ಎಲ್ಲಿ ಎಡವುತ್ತಾರೆಂದು ನನಗೆ ಮೊದಲೇ ಕಂಡಿತ್ತು. ಅಲ್ಲಿಯವರೆಗೆ ಅರ್ಜಿಗಳಲ್ಲಿ ಮರೆಮಾಚುತ್ತಿದ್ದ ಆ ಸಂಗತಿಯನ್ನು ಅಂದಿನ ಸಂದರ್ಶನದಲ್ಲಿ ನಾನೇ ಎತ್ತಿ ಹೇಳಿದೆ.

ಥಾಯ್ಲೆಂಡಿನಲ್ಲಿ ಶಾಲಾ ವರ್ಷ ಆರಂಭವಾಗುವುದು ಮೇ ತಿಂಗಳ ನಡುವಿನಲ್ಲಿ, ಹಾಗಾಗಿ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅರ್ಜಿ ಹಾಕಿದ್ದು ಫಲ ಕೊಟ್ಟಿತು. ದಾಖಲೆಗಳನ್ನು ಮಾತ್ರ ತಿಂಗಳುಗಳ ಮೊದಲೇ ಹೊಂದಿಸಿಕೊಳ್ಳಬೇಕು, ಏಕೆಂದರೆ ಪದವಿ ಪ್ರಮಾಣಪತ್ರದ ದೃಢೀಕರಣಕ್ಕೂ ಪೊಲೀಸ್ ಪ್ರಮಾಣಪತ್ರಕ್ಕೂ ಹಿಡಿಯುವ ಸಮಯ ನಮ್ಮ ಕೈಯಲ್ಲಿರುವುದಿಲ್ಲ.

ಈ ನಡುವೆ ಒಂದು ಏಜೆನ್ಸಿ, ಪ್ರವಾಸಿ ವೀಸಾದಲ್ಲಿ ಬಂದು ಪಾಠ ಶುರುಮಾಡಿ, ಕಾಗದಪತ್ರ ಆಮೇಲೆ ಮಾಡಿಸೋಣ ಎಂದು ಒತ್ತಾಯಿಸಿತು. ಪ್ರವಾಸಿ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ, ಸಿಕ್ಕಿಬಿದ್ದರೆ ದಂಡ ಮತ್ತು ಗಡೀಪಾರು ಅನುಭವಿಸುವವರು ಶಿಕ್ಷಕರೇ. ನಾನು ಒಪ್ಪಲಿಲ್ಲ. ಮಾದರಿ ಪಾಠ ನೋಡಿದ ಶಾಲೆ ಕಳುಹಿಸಿದ ಪತ್ರಗಳ ಆಧಾರದ ಮೇಲೆ ಕೆಲಸಕ್ಕೆಂದು ಹೋಗುವವರಿಗಿರುವ ನಾನ್-ಇಮಿಗ್ರಂಟ್ ಬಿ ವೀಸಾ ಪಡೆದುಕೊಂಡೇ ಹೊರಟೆ, ಕೆಲಸದ ಪರವಾನಗಿ ಅಲ್ಲಿಗೆ ಹೋದ ಮೇಲೆ ಆಯಿತು. ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಪಾಠ ಎಂದಿತ್ತೇ ಹೊರತು ಉಳಿದ ಹೊತ್ತು ಶಾಲೆಯಲ್ಲೇ ಇರಬೇಕೋ ಬೇಡವೋ ಎಂಬುದಿರಲಿಲ್ಲ, ರಜೆಯ ತಿಂಗಳಿನ ಸಂಬಳದ ಮಾತೂ ಇರಲಿಲ್ಲ. ಎರಡನ್ನೂ ಕೇಳಿ ಬರೆಸಿಕೊಂಡ ಮೇಲೆ ಸಹಿ ಹಾಕಿದೆ.