ಮನೇಲಿ ಯಾರಿಗಾದ್ರೂ ಅಯೋರ್ಟಾ ಊದಿತ್ತಾ? ಉಳಿದವರು ಯಾವಾಗ ಚೆಕ್ ಮಾಡಿಸ್ಬೇಕು

ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳ ಅಯೋರ್ಟಾ, ಅದರ ಗೋಡೆ ದುರ್ಬಲ ಆಗಿ ಉಬ್ಬಿದ್ರೆ ಅನ್ಯೂರಿಸಂ ಅಂತಾರೆ. ಒಡೆಯೋವರೆಗೂ ಬಹಳ ಜನಕ್ಕೆ ಏನೂ ಗೊತ್ತೇ ಆಗಲ್ಲ, ಹಾಗಾಗಿ ನೋವು ಬಂದ್ಮೇಲೆ ನೋಡೋಣ ಅಂತ ದಯವಿಟ್ಟು ಕೂರ್ಬೇಡಿ.

ಮೊದಲು ಮನೆಯ ಹಿರಿಯರನ್ನ ಕೇಳಿ. "ಚೆನ್ನಾಗೇ ಇದ್ರು, ಎದೆ ಹಿಡ್ಕೊಂಡು ಕುಸಿದ್ರು, ಹಾರ್ಟ್ ಅಟ್ಯಾಕ್ ಅಂದ್ರು" ಅನ್ನೋ ಕಥೆ ಇದ್ಯಾ? ಪೋಸ್ಟ್‌ಮಾರ್ಟಂ ಆಗದೇ ಇದ್ರೆ ಅದು ಅಯೋರ್ಟಾ ಸೀಳಿದ್ದೂ ಆಗಿರಬಹುದು, ಅದರಲ್ಲೂ ಚಿಕ್ಕ ವಯಸ್ಸಲ್ಲಿ ಹೋಗಿದ್ರೆ ಡಾಕ್ಟರಿಗೆ ಹೇಳ್ಲೇಬೇಕು. ಯಾರು, ಎಷ್ಟು ವಯಸ್ಸು, ತೊಂದ್ರೆ ಆಗಿದ್ದು ಎದೆ ಭಾಗದ ಅಯೋರ್ಟಾದಲ್ಲಾ ಹೊಟ್ಟೆ ಭಾಗದ್ದರಲ್ಲಾ ಅಂತ ಬರೆದಿಟ್ಕೊಳ್ಳಿ.

ಎದೆ ಭಾಗದ ಅನ್ಯೂರಿಸಂ ಇರೋರಲ್ಲಿ ಸುಮಾರು ಐದರಲ್ಲಿ ಒಬ್ಬರ ಕುಟುಂಬದಲ್ಲಿ ಇನ್ನೊಬ್ಬರಿಗೂ ಇರುತ್ತೆ. ಅದಕ್ಕೇ ಅವರ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಏನೂ ತೊಂದ್ರೆ ಇಲ್ದಿದ್ರೂ ಎಕೋ (ಹಾರ್ಟಿನ ಅಲ್ಟ್ರಾಸೌಂಡ್) ಮಾಡಿಸ್ಬೇಕು. ಎಕೋದಲ್ಲಿ ಇಡೀ ಅಯೋರ್ಟಾ ಕಾಣಲ್ಲ, ಸರಿಯಾಗಿ ಕಾಣದೇ ಹೋದ್ರೆ ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತೆ. ಹೊಟ್ಟೆ ಭಾಗದ್ದಕ್ಕೆ ಅಲ್ಟ್ರಾಸೌಂಡ್ ಸಾಕು, ಅಲ್ಲಿ ಅಯೋರ್ಟಾದ ಅಗಲ 3 ಸೆಂ.ಮೀ. ದಾಟಿದ್ರೆ ಅನ್ಯೂರಿಸಂ ಅಂತ ಲೆಕ್ಕ. ವಯಸ್ಸಾದ ಗಂಡಸರು, ಸಿಗರೇಟ್ ಸೇದೋರು ಅಥವಾ ಹಿಂದೆ ಸೇದ್ತಿದ್ದೋರಿಗೆ ಇದರ ರಿಸ್ಕ್ ಜಾಸ್ತಿ, ಅಪ್ಪನಿಗೋ ಅಣ್ಣನಿಗೋ ಇದ್ರೆ ಇನ್ನೂ ಜಾಸ್ತಿ.

ಜೀನ್ ಟೆಸ್ಟ್ ವಿಷಯದಲ್ಲಿ ಬಹಳ ಜನ ಉಲ್ಟಾ ಹೋಗ್ತಾರೆ. ಆರೋಗ್ಯವಾಗಿರೋರಿಂದ ಶುರು ಮಾಡ್ಬೇಡಿ, ಕಾಯಿಲೆ ಇರೋರಿಗೇ ಮೊದಲು ಮಾಡಿಸಿ. ಅವರಲ್ಲಿ ಎಫ್‌ಬಿಎನ್1 ತರದ ಜೀನ್‌ನಲ್ಲಿ ಖಚಿತವಾದ ದೋಷ ಸಿಕ್ಕಿದ್ರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಅದು ಬರೋ ಚಾನ್ಸ್ 50%, ಆಗ ಉಳಿದವರು ಅದೊಂದನ್ನೇ ಚೆಕ್ ಮಾಡಿಸಿದ್ರೆ ಆಯ್ತು, ಇಲ್ಲ ಅಂತ ಬಂದೋರು ಆ ಕಾರಣಕ್ಕೆ ವರ್ಷ ವರ್ಷ ಸ್ಕ್ಯಾನ್ ಅಂತ ಓಡಾಡೋದು ತಪ್ಪುತ್ತೆ. ಆದ್ರೆ ರೋಗಿಯಲ್ಲೇ ಏನೂ ಸಿಗಲಿಲ್ಲ ಅಂದ್ರೆ ವಂಶದಲ್ಲಿಲ್ಲ ಅಂತ ಅರ್ಥ ಅಲ್ಲ, ಎಷ್ಟೋ ಜೀನ್‌ಗಳು ಇನ್ನೂ ಪತ್ತೆಯೇ ಆಗಿಲ್ಲ, ಮನೆಯವರ ಎಕೋ ತಪ್ಪಿಸೋ ಹಾಗಿಲ್ಲ.

ತುಂಬಾ ಎತ್ತರ, ಉದ್ದುದ್ದ ಬೆರಳು, ಕಣ್ಣಿನ ಲೆನ್ಸ್ ಜಾರಿರೋದು, ಸೀಳಿದ ಕಿರುನಾಲಿಗೆ, ಅಯೋರ್ಟಿಕ್ ವಾಲ್ವ್‌ಗೆ ಮೂರರ ಬದಲು ಎರಡೇ ಎಸಳು, ಇವು ವಂಶದಲ್ಲಿ ಬರೋ ಅಯೋರ್ಟಾ ಕಾಯಿಲೆಯ ಸುಳಿವಾಗಿರಬಹುದು, ಯಾವುದಿದ್ರೂ ಡಾಕ್ಟರಿಗೆ ಹೇಳಿ. ವಂಶದಲ್ಲಿ ಈ ಕಾಯಿಲೆ ಇದ್ದು ಮಗು ಬೇಕು ಅಂತಿರೋ ಹೆಣ್ಣುಮಕ್ಕಳು ಬಸಿರಾಗೋಕೆ ಮುಂಚೆಯೇ ಅಯೋರ್ಟಾ ಅಳತೆ ಮಾಡಿಸ್ಕೊಳ್ಳಿ, ಗರ್ಭಿಣಿಯಾಗಿದ್ದಾಗ, ಹೆರಿಗೆ ಆದ ಮೊದಲ ವಾರಗಳಲ್ಲಿ ಸೀಳೋ ಅಪಾಯ ಹೆಚ್ಚುತ್ತೆ.

ಎದೆ ಅಥವಾ ಬೆನ್ನಲ್ಲಿ ಸೀಳಿದ ಹಾಗೆ ಇದ್ದಕ್ಕಿದ್ದಂತೆ ಜೋರು ನೋವು ಬಂದ್ರೆ ಸ್ಕ್ಯಾನ್ ಡೇಟ್ ಕಾಯ್ಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ "ನಮ್ಮ ಮನೇಲಿ ಅಯೋರ್ಟಾ ತೊಂದ್ರೆ ಇದೆ" ಅಂತ ಬಾಯಿಬಿಟ್ಟು ಹೇಳಿ.