ಗಡಸು ನೀರಿಗೆ ನಾನೇ ಜೋಡಿಸಿದ ಸಾಫ್ಟ್‌ನರ್

ಹೋದ ವಾರ ಸೋಲಾರ್ ಸರ್ವೀಸ್ ಹುಡುಗ ಟ್ಯೂಬ್ ಬಿಚ್ಚಿ ನೋಡಿ, "ಸಾರ್, ಕ್ಲೀನ್ ಮಾಡೋಕೆ ಏನೂ ಇಲ್ವಲ್ಲ" ಅಂದ. ಎರಡು ವರ್ಷದಿಂದ ಈ ಮಾತಿಗೇ ಕಾಯುತ್ತಿದ್ದೆ. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಜೋಡಿಸುತ್ತೇನೆ ಅಂದಾಗ "ಸುಮ್ನೆ ದುಡ್ಡು ದಂಡ ಸಾರ್" ಅಂದಿದ್ದ ನಮ್ಮ ಪ್ಲಂಬರ್‌ಗೆ ಆಗಲೇ ಫೋನ್ ಮಾಡಿ ಹೇಳಿದೆ.

ನಮ್ಮದು ಕೋಲಾರ. ಬೋರು 1,200 ಅಡಿ ಚಿಲ್ಲರೆ. ಅಜ್ಜಿ ಕಾಲದಲ್ಲಿ ಬಾವಿಯಲ್ಲಿ ಸಪ್ಪೆ ನೀರೇ ಇತ್ತಂತೆ. ಈಗ ಬಂಡೆ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರನ್ನು ಎತ್ತುತ್ತೇವೆ, ಸುಣ್ಣದ ಅಂಶ ಇರದೆ ಇರುತ್ತಾ? ಲ್ಯಾಬಿನಲ್ಲಿ ಗಡಸುತನ ಲೀಟರಿಗೆ 650 ಮಿಲಿಗ್ರಾಂ ಆಸುಪಾಸು ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಪ್ರಕಾರ 200ರ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 600ರ ತನಕ. ನಾವು ಅದನ್ನೂ ದಾಟಿದ್ದೆವು. ವರ್ಷಕ್ಕೊಂದು ಗೀಸರ್ ಕಾಯಿಲ್, ಶವರ್ ತೂತೆಲ್ಲ ಬಂದ್.

ಮೊದಲು ಯಾರೋ ಹೇಳಿದರು ಅಂತ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ತಂದೆ. ನಾಲ್ಕು ಸಾವಿರ. ಆರು ತಿಂಗಳಿಗೆ ಕಾಯಿಲ್ ಮತ್ತೆ ಸುಟ್ಟಿತು. ಆ ಮ್ಯಾಗ್ನೆಟ್ ಈಗ ಫ್ರಿಜ್ ಮೇಲೆ ಕರೆಂಟ್ ಬಿಲ್ ಹಿಡಿದುಕೊಂಡಿದೆ. ಆಮೇಲೆ ರೆಡಿ ಸಾಫ್ಟ್‌ನರ್‌ಗೆ ರೇಟು ಕೇಳಿದೆ, 45 ಸಾವಿರ ಅಂದರು. ಒಳಗಿರುವುದು ಫೈಬರ್ ವೆಸೆಲ್, ಸುಣ್ಣದ ಅಂಶ ಹಿಡಿಯುವ 40 ಲೀಟರ್ ರೆಸಿನ್ ಕಾಳು, ನೀರಿನ ದಾರಿ ಬದಲಿಸುವ ಒಂದು ಮಲ್ಟಿಪೋರ್ಟ್ ವಾಲ್ವ್. ಬಿಡಿ ತಂದರೆ 16 ಸಾವಿರದೊಳಗೆ ಮುಗಿಯುತ್ತೆ ಅಂತ ಲೆಕ್ಕ ಹಾಕಿದೆ. ಮುಗಿಯಲಿಲ್ಲ.

ಮೊದಲ ದಿನವೇ ರೆಸಿನ್ ಸುರಿಯುವಾಗ ನಡುವಿನ ಪೈಪ್ ಅಲುಗಾಡಿ, ಕಾಳು ತಡೆಯುವ ಕೆಳಗಿನ ಸ್ಟ್ರೈನರ್ ಸೀಳಿತು. ನನಗೆ ಗೊತ್ತಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಅಮ್ಮ ಕೂಗಿದರು, "ಏನೋ ಇದು, ಚೊಂಬಲ್ಲಿ ಸಾಸಿವೆ ಬಂದಿದೆ!" ನೋಡಿದರೆ ಜೇನು ಬಣ್ಣದ ರೆಸಿನ್ ಕಾಳು. ನಲ್ಲಿ, ವಾಷಿಂಗ್ ಮೆಷಿನ್ ಜಾಲರಿ, ಎಲ್ಲ ಕಡೆ. ಹತ್ತು ಲೀಟರಿನಷ್ಟು ಹೋಯಿತು, ಅಂದರೆ 1,300 ರೂಪಾಯಿ. ಪ್ಲಂಬರ್ ಆ ದಿನ ನಕ್ಕ ನಗು ಇನ್ನೂ ಕಣ್ಣ ಮುಂದಿದೆ.

ಎರಡನೇ ಎಡವಟ್ಟು ಜಾಗದ್ದು. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಲೈನಿಗೆ, ತಾರಸಿ ಮೇಲೇ ಕೂರಿಸಿದ್ದೆ. ರೆಸಿನ್ ಹಿಡಿದ ಸುಣ್ಣವನ್ನು ಆಗಾಗ ಉಪ್ಪು ನೀರಲ್ಲಿ ತೊಳೆಯಬೇಕು, ಅಲ್ಲಿನ ಕಡಿಮೆ ಪ್ರೆಷರ್‌ಗೆ ವಾಲ್ವ್ ಆ ಉಪ್ಪು ನೀರನ್ನು ಎಳೆಯಲೇ ಇಲ್ಲ. ಸಂಪಿನ ಮೋಟರ್ ಲೈನಿಗೆ ಇಳಿಸಿದ ಮೇಲೆ ಗಟಗಟ ಎಳೆಯಿತು. ಮೂರನೆಯದು ಕಲ್ಲುಪ್ಪಿನ ಮಣ್ಣು, ವಾಲ್ವಿನ ಸಣ್ಣ ತೂತಿಗೆ ಸಿಕ್ಕಿಕೊಂಡಿತು. ಈಗ ಅಪ್ಪನ ಹಳೇ ಪಂಚೆಯಲ್ಲಿ ಸೋಸಿಯೇ ಹಾಕುತ್ತೇನೆ. ಎಲ್ಲ ಸೇರಿ 21 ಸಾವಿರ ಆಗಿರಬೇಕು.

ಕೆಲಸ ಶುರುವಾದ ಮೇಲೂ ನಂಬಿದವರು ಕಡಿಮೆ. ಪಕ್ಕದ ಮನೆಯವರು ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ತಂದು ಅದ್ದಿದರು. ಮುಂಚೆ 1,100, ಈಗಲೂ 1,100. "ಏನ್ರೀ ಬದಲಾಗಿದೆ ಇದರಲ್ಲಿ?" ಅಂದರು. ಬದಲಾಗಲ್ಲ ಸ್ವಾಮಿ! ರೆಸಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಬದಲಿಗೆ ಸೋಡಿಯಂ ಬಿಡುತ್ತೆ, ಪೆನ್ನಿಗೆ ಎರಡೂ ಒಂದೇ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅಂತ ಎರಡು ಬಾಟಲಿಗೆ ಒಂದೊಂದು ಚೂರು ಬಟ್ಟೆ ಸೋಪು ಹಾಕಿ ಕುಲುಕಿಸಿದೆ. ಬೋರ್ ನೀರಿನದು ಒಡೆದ ಹಾಲಿನ ಥರ ಆಯಿತು. ಇನ್ನೊಂದರಲ್ಲಿ ಕತ್ತಿನ ತನಕ ನೊರೆ. ಅವರು ಪೆನ್ನಿಗೆ ಮುಚ್ಚಳ ಹಾಕಿಕೊಂಡು ಹೋದರು.

ಈಗ ಒಂದು ಸಲ ಉಪ್ಪು ಹಾಕಿದರೆ ಸುಮಾರು 3,000 ಲೀಟರ್ ಬರುತ್ತೆ, ನಮಗೆ ಐದು ದಿನ. ಸಲಕ್ಕೆ 6 ಕೆಜಿ ಉಪ್ಪು, ತಿಂಗಳಿಗೆ 350 ರೂಪಾಯಿ. ಇದೇ ಸೈಜಿಗೆ 8-9 ಕೆಜಿ ಸುರಿಯುವವರನ್ನು ನೋಡಿದ್ದೇನೆ. ಉಪ್ಪು ನೀರನ್ನು ಒಳಗೆ ಎಷ್ಟು ಹೊತ್ತು ನಿಲ್ಲಿಸಬೇಕು, ಎಷ್ಟು ಕಂತಲ್ಲಿ ಬಿಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಚ್ಚಲ್ಲ, ಭಾವಮೈದನಿಗೇ ಹೇಳಿಲ್ಲ.

ನಡುವೆ ಅಡುಗೆಮನೆಯಲ್ಲೂ ಕೈಯಾಡಿಸಿದೆ. ಒಂದೇ ತೊಗರಿಬೇಳೆ, ಮೂರು ನೀರು, ಮೂರು ವಿಷಲ್. ಬೋರ್ ನೀರಿನ ಬೇಳೆ ಕಾಳುಕಾಳಾಗೇ ಉಳಿಯಿತು. ಸಾಫ್ಟ್‌ನರ್ ನೀರಿನದೂ ಶುದ್ಧ ನೀರಿನ ಘಟಕದ್ದೂ ಸೌಟಿಗೇ ಮಸೆದು ಹೋಯಿತು. ಆದರೆ ಕುಡಿಯಲು, ಅಡುಗೆಗೆ ಈಗಲೂ ಘಟಕದ 5 ರೂಪಾಯಿ ಕ್ಯಾನೇ. ನಮ್ಮ ಕಡೆ ಫ್ಲೋರೈಡ್ ಇದೆ, ಸಾಫ್ಟ್‌ನರ್ ಅದನ್ನು ತೆಗೆಯಲ್ಲ. ಹಳೇ ಕಾಯಿಲನ್ನೂ ಒಂದು ರಾತ್ರಿ ನಿಂಬೆ ಉಪ್ಪಿನ ನೀರಲ್ಲಿ ನೆನೆಹಾಕಿದ್ದೆ. ಬುಸಬುಸ ನೊರೆ ಎದ್ದು ಮೊಟ್ಟೆ ಚಿಪ್ಪಿನಂಥ ಹಕ್ಕಳೆ ಉದುರಿತು. ತೂಗಿದೆ, ಮುಕ್ಕಾಲು ಕೆಜಿ!

ಸೋತಿದ್ದು ಕರಿಬೇವಿನ ಹತ್ತಿರ. ಉಪ್ಪು ತೊಳೆದ ನೀರು ಯಾಕೆ ದಂಡ ಅಂತ ಗಿಡದ ಬುಡಕ್ಕೆ ಬಿಟ್ಟಿದ್ದೆ, ಎರಡು ವಾರಕ್ಕೆ ಒಣಗಿತು. ಅಮ್ಮ ಮೂರು ದಿನ ಮಾತಾಡಲಿಲ್ಲ. ಈಗ ಗಿಡಕ್ಕೆಲ್ಲ ಬೋರ್ ನೀರೇ. ಆ ಉಪ್ಪು ನೀರು ಚರಂಡಿಗೆ ಹೋಗುತ್ತಿದೆ, ಅದಕ್ಕೊಂದು ದಾರಿ ಇನ್ನೂ ಸಿಕ್ಕಿಲ್ಲ.