ಡಿಸೈನ್ ಟೂಲ್‌ಗಳ ವಿವರಣೆಯನ್ನು ಎಐ ಏಜೆಂಟ್‌ಗೆ ಅರ್ಥವಾಗುವಂತೆ ಬರೆಯುವುದು ಹೇಗೆ?

ಡಿಸೈನ್ ಸಾಫ್ಟ್‌ವೇರ್‌ಗೆ ಪ್ಲಗಿನ್ನೋ ಎಂಸಿಪಿ (ಎಐಯನ್ನು ಬೇರೆ ಸಾಫ್ಟ್‌ವೇರ್‌ಗೆ ಜೋಡಿಸುವ ಒಂದು ಮಾನದಂಡ) ಸರ್ವರೋ ಬರೆದು ಏಜೆಂಟ್ (ಟೂಲ್ ಬಳಸಿ ತಾನೇ ಕೆಲಸ ಮಾಡುವ ಎಐ) ಕೈಗೆ ಕೊಟ್ಟಿದ್ದೀರಿ. ಕೋಡ್ ಸರಿಯಾಗಿದೆ. ಆದರೂ ಬಟನ್ ಕೆಂಪಾಗಲಿ ಎಂದರೆ ಎರರ್ ಬರುತ್ತದೆ, ಪಕ್ಕಕ್ಕೆ ಸರಿಸು ಎಂದರೆ ಬಟನ್ ಫ್ರೇಮ್ ದಾಟಿ ಎಲ್ಲೋ ಹೋಗಿ ಕೂರುತ್ತದೆ. ಮಾಡೆಲ್ ದಡ್ಡ ಅಂತ ಬೈಯುವ ಮೊದಲು ನೀವು ಬರೆದ ವಿವರಣೆಯನ್ನು ಒಮ್ಮೆ ಓದಿ ನೋಡಿ.

ಮನುಷ್ಯರಿಗೆ ಬರೆಯುವಾಗ ಅರ್ಧ ಮಾತನ್ನು ಸ್ಕ್ರೀನೇ ಹೇಳಿಬಿಡುತ್ತದೆ. ಯಾವ ಲೇಯರ್ ಸೆಲೆಕ್ಟ್ ಆಗಿದೆ, ಅಳತೆ ಪಿಕ್ಸೆಲ್‌ನಲ್ಲಿದೆಯೋ ಮಿಲಿಮೀಟರ್‌ನಲ್ಲಿದೆಯೋ, ಬಾಕ್ಸ್ ಯಾವುದರ ಒಳಗಿದೆ, ಇದೆಲ್ಲ ಕಣ್ಣಿಗೆ ಬೀಳುತ್ತದೆ, ಅದಕ್ಕೇ ನಾವು ಬರೆಯುವುದಿಲ್ಲ. ಏಜೆಂಟ್‌ಗೆ ಸ್ಕ್ರೀನ್‌ಶಾಟ್ ಕೊಟ್ಟರೂ ಇದರಲ್ಲಿ ಬಹಳಷ್ಟು ಅದಕ್ಕೆ ಸಿಗುವುದಿಲ್ಲ. ಸ್ಕ್ರೀನ್ ಹೇಳುತ್ತಿದ್ದುದನ್ನು ಈಗ ನೀವು ಬರೆಯಬೇಕು, ಕೆಲಸ ಇಷ್ಟೇ.

ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಇನ್‌ಪುಟ್ ಹೇಗಿರಬೇಕೆಂಬ ಸ್ಕೀಮಾ ಇರುತ್ತವೆ. ಏಜೆಂಟ್ ಟೂಲ್ ಆರಿಸುವುದು ಇವನ್ನು ನೋಡಿಯೇ. ಹಾಗಾಗಿ 'ಅಪ್‌ಡೇಟ್ ನೋಡ್' ಎಂಬ ಹೆಸರಿಗಿಂತ 'ಸೆಟ್ ಫಿಲ್ ಕಲರ್' ಎಷ್ಟೋ ವಾಸಿ. ಒಂದೇ ಥರದ ಎರಡು ಟೂಲ್ ಇದ್ದರೆ ಯಾವಾಗ ಬಳಸಬಾರದು ಎಂಬುದನ್ನೂ ಹೇಳಿ: 'ಒಂದೇ ಲೇಯರ್‌ನ ಬಣ್ಣ ಬದಲಿಸಲು ಇದು. ಇಡೀ ಫೈಲ್‌ನಲ್ಲಿ ಬದಲಾಗಬೇಕಿದ್ದರೆ ಸ್ಟೈಲ್ ಬದಲಿಸುವ ಟೂಲ್ ಬಳಸಿ.' ಈ ಒಂದು ಸಾಲಿನಿಂದ ಎಷ್ಟೋ ತಪ್ಪು ತಪ್ಪುತ್ತದೆ.

ಜಾಸ್ತಿ ಎಡವಟ್ಟು ಆಗುವುದು ಅಳತೆಯಲ್ಲಿ. ಡಿಸೈನ್ ಸಾಫ್ಟ್‌ವೇರ್ ಫಿಗ್ಮಾದ ಪ್ಲಗಿನ್ ಎಪಿಐ (ಕೋಡ್‌ನಿಂದ ಅದನ್ನು ನಡೆಸುವ ದಾರಿ) ಬಣ್ಣದ ಕೆಂಪು, ಹಸಿರು, ನೀಲಿ ಪಾಲನ್ನು 0ಯಿಂದ 1ರ ನಡುವೆ ಕೇಳುತ್ತದೆ. ಏಜೆಂಟ್ ವೆಬ್‌ನಲ್ಲಿ ಕಂಡ ಅಭ್ಯಾಸದಂತೆ 255 ಕೊಟ್ಟರೆ ಎರರ್. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ತಿರುಗಿಸುವ ಕೋನ ಸಾಮಾನ್ಯವಾಗಿ ಸ್ಕ್ರೀನ್ ಮೇಲೆ ಡಿಗ್ರಿಯಲ್ಲಿ ಕಾಣುತ್ತದೆ, ಪೈಥಾನ್ ಕೋಡ್‌ನಲ್ಲಿ ಮಾತ್ರ ರೇಡಿಯನ್ ಎಂಬ ಬೇರೆ ಅಳತೆ. 90 ಎಂದು ಕೊಟ್ಟರೆ ಎರರ್ ಕೂಡ ಬರುವುದಿಲ್ಲ, ವಸ್ತು ಸುಮ್ನೆ ಯಾವುದೋ ಕಡೆ ತಿರುಗಿ ನಿಲ್ಲುತ್ತದೆ. ಇಂಥ ಸದ್ದಿಲ್ಲದ ತಪ್ಪೇ ಹೆಚ್ಚು ಅಪಾಯ, ಅಲ್ವಾ? ಆದ್ದರಿಂದ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಅಳತೆ, ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಜೊತೆಗೆ ಒಂದು ಉದಾಹರಣೆ ಬರೆಯಿರಿ. ಸಾಧ್ಯವಾದರೆ ಅಳತೆಯನ್ನು ಪ್ಯಾರಾಮೀಟರ್‌ನ ಹೆಸರಲ್ಲೇ ಸೇರಿಸಿ.

ಜಾಗದ ಲೆಕ್ಕವೂ ಹೀಗೇ. ಎಸ್‌ವಿಜಿ ಚಿತ್ರಗಳಲ್ಲಿ ವೈ ಕೆಳಕ್ಕೆ ಹೋದಷ್ಟೂ ಹೆಚ್ಚುತ್ತದೆ, ಬ್ಲೆಂಡರ್‌ನಲ್ಲಿ ಮೇಲ್ಮುಖ ಎಂದರೆ ಝಡ್. ಫಿಗ್ಮಾದಲ್ಲಿ ಎಕ್ಸ್, ವೈ ಎರಡೂ ಪೇಜ್‌ನಿಂದಲ್ಲ, ಹೊರಗಿನ ಫ್ರೇಮ್‌ನಿಂದ ಎಣಿಕೆ. ಅದರಲ್ಲೂ ಲೇಯರ್ ಒಂದು ಗ್ರೂಪ್‌ನೊಳಗಿದ್ದರೆ ಗ್ರೂಪ್ ಲೆಕ್ಕಕ್ಕಿಲ್ಲ, ಗ್ರೂಪ್‌ನ ಹೊರಗಿನ ಫ್ರೇಮ್‌ನಿಂದಲೇ ಎಣಿಸಬೇಕು. ಇದನ್ನು ಊಹಿಸಿ ತಿಳಿಯಲು ಯಾರಿಂದಲೂ ಆಗದು. 'ಪೊಸಿಷನ್' ಅಂತ ಒಂದು ಪದ ಬರೆದು ಕೈತೊಳೆದುಕೊಳ್ಳಬೇಡಿ.

ಆಮೇಲೆ, ಟೂಲ್ ಓಡುವ ಮೊದಲು ಏನೇನು ಆಗಿರಬೇಕು? ಫಿಗ್ಮಾದಲ್ಲಿ ಪಠ್ಯ ಬದಲಿಸುವ ಮೊದಲು ಅದರ ಫಾಂಟ್ ಲೋಡ್ ಆಗಿರಲೇಬೇಕು. ಬ್ಲೆಂಡರ್‌ನ ಆಪರೇಟರ್‌ಗಳು (ಅದರ ಆಜ್ಞೆಗಳು) ಸರಿಯಾದ ಮೋಡ್, ಸರಿಯಾದ ಸೆಲೆಕ್ಷನ್ ಇಲ್ಲದಿದ್ದರೆ ಓಡುವುದೇ ಇಲ್ಲ, 'ಕಾಂಟೆಕ್ಸ್ಟ್ ಸರಿಯಿಲ್ಲ' ಎಂದಷ್ಟೇ ಹೇಳಿ ನಿಲ್ಲುತ್ತವೆ. ನನ್ನ ಕೇಳಿದರೆ, ಇಂಥದ್ದನ್ನು ವಿವರಣೆಯಲ್ಲಿ ಬರೆಯುವುದಕ್ಕಿಂತ ಟೂಲ್‌ನೊಳಗೇ ಮಾಡಿಬಿಡುವುದು ಒಳ್ಳೆಯದು. ಫಾಂಟನ್ನು ನೀವೇ ಲೋಡ್ ಮಾಡಿಕೊಳ್ಳಿ. ಆಗದ್ದನ್ನು ಮಾತ್ರ ಬರೆಯಿರಿ.

ಎರರ್ ಮೆಸೇಜ್ ಕೂಡ ವಿವರಣೆಯೇ, ಏಜೆಂಟ್ ಅದನ್ನು ಓದಿಯೇ ಮುಂದಿನ ಹೆಜ್ಜೆ ಇಡುತ್ತದೆ. 'ಇನ್‌ವ್ಯಾಲಿಡ್ ಐಡಿ' ಎಂದರೆ ಅದೇ ಐಡಿಯನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರಬಹುದು. ಅದರ ಬದಲು ಹೀಗೆ ಹೇಳಿ: '12-34 ಎಂಬುದು ಲಿಂಕ್‌ನಲ್ಲಿರುವ ರೂಪ. ಇಲ್ಲಿ 12:34 ಎಂದು ಕೊಡಬೇಕು.' ಫಿಗ್ಮಾ ಲಿಂಕ್‌ನಿಂದ ಐಡಿ ಎತ್ತಿಕೊಳ್ಳುವ ಏಜೆಂಟ್‌ಗೆ ಇಷ್ಟು ಸಿಕ್ಕರೆ ಸಾಕು, ಮುಂದಿನ ಸಲ ಸರಿಯಾಗಿ ಕಳಿಸುತ್ತದೆ.

ಕೆಲಸ ಮುಗಿದ ಮೇಲೆ ಏನು ವಾಪಸ್ ಬರುತ್ತದೆ ಎಂಬುದನ್ನೂ ಮರೆಯಬೇಡಿ. ಬರೀ 'ಸಕ್ಸೆಸ್' ಬೇಡ. ಹೊಸ ಲೇಯರ್‌ನ ಐಡಿ, ಅಗಲ, ಎತ್ತರ, ಅದು ಯಾವುದರೊಳಗೆ ಕೂತಿದೆ, ಇಷ್ಟು ಕೊಡಿ. ಹಾಗಂತ ಇಡೀ ಫೈಲ್‌ನ ಲೇಯರ್ ಪಟ್ಟಿಯನ್ನು ಸುರಿದರೆ ಏಜೆಂಟ್‌ನ ಕಾಂಟೆಕ್ಸ್ಟ್ (ಅದು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯದ ಜಾಗ) ಅದರಲ್ಲೇ ತುಂಬಿಹೋಗುತ್ತದೆ.

ಅಳಿಸುವ ಟೂಲ್‌ಗಳಿಗೆ ಗುರುತು ಹಾಕಿ. ಬರೀ ಓದುತ್ತದೋ, ಅಳಿಸುತ್ತದೋ, ಎರಡು ಸಲ ಓಡಿಸಿದರೂ ಫಲ ಒಂದೇನೋ ಎಂದು ಹೇಳಲು ಎಂಸಿಪಿಯಲ್ಲೇ ಜಾಗವಿದೆ. ಆದರೆ ಅವು ಸೂಚನೆಗಳಷ್ಟೇ, ಯಾರನ್ನೂ ತಡೆಯುವುದಿಲ್ಲ. ಅಂಡೂ ಮಾಡಲು ಆಗುತ್ತದೋ ಇಲ್ಲವೋ ಎಂಬುದನ್ನು ವಿವರಣೆಯಲ್ಲೂ ಒಂದು ಸಾಲು ಬರೆಯಿರಿ.

ಬರೆದಾದ ಮೇಲೆ ಹೊಸ ಸೆಷನ್ ತೆರೆದು, ವಿವರಣೆ ಬಿಟ್ಟು ಬೇರೇನೂ ಕೊಡದೆ, ಡಿಸೈನರ್‌ಗಳು ನಿಜವಾಗಿ ಕೇಳುವ ಥರ ಕೆಲಸ ಹೇಳಿ: 'ಈ ಕಾರ್ಡ್‌ನೊಳಗೆ ಅಂಚಿನ ಜಾಗ ಸ್ವಲ್ಪ ಜಾಸ್ತಿ ಮಾಡು.' ಯಾವ ಟೂಲ್ ಆರಿಸಿತು, ಯಾವ ಸಂಖ್ಯೆ ಕಳಿಸಿತು ಎಂದು ಲಾಗ್‌ನಲ್ಲಿ ನೋಡಿ. ತಪ್ಪಿದ್ದರೆ ಆ ಟೂಲ್‌ನ ವಾಕ್ಯವನ್ನೇ ತಿದ್ದಿ, ದಪ್ಪಕ್ಷರದಲ್ಲಿ 'ಕಡ್ಡಾಯ' 'ಎಚ್ಚರಿಕೆ' ಅಂತ ಪೇರಿಸುತ್ತಾ ಹೋಗಬೇಡಿ. ಎಲ್ಲವೂ ಕಡ್ಡಾಯವಾದರೆ ಯಾವುದು ಮುಖ್ಯ ಅನ್ನುವುದೇ ತಿಳಿಯುವುದಿಲ್ಲ. ಹೊಸ ವರ್ಷನ್ ಬಿಡುವಾಗಲೆಲ್ಲ ಇದೇ ಕೆಲಸಗಳನ್ನು ಇನ್ನೊಮ್ಮೆ ಓಡಿಸಿ.